ಖಾಲಿ ಜಾಗವಾದ ಮೂವತ್ತೊಂದು ಮನೆ

ಜುಲೈ ೮, ಮಂಗಳವಾರ

ಪುರಸಭೆ ಕೊಡುತ್ತೇನೆಂದದ್ದು ಊರಿನ ಎಲ್ಲ ಕಟ್ಟಡಗಳ ದಾಖಲೆ. ಕೊಡದೆ ಬಿಟ್ಟದ್ದು ನಮ್ಮ ಕೇರಿಯ ಮೂವತ್ತೊಂದು ಮನೆ. ಅಲ್ಲಿ ‘ಖಾಲಿ ಜಾಗ’ ಎಂದಿದೆ.

ಜನರೇ ಕಟ್ಟುವ ಆನ್‌ಲೈನ್ ನಕ್ಷೆಯಲ್ಲಿ ನಾವು ಮನೆಮನೆಗೆ ನಡೆದು ಅವನ್ನು ಗುರುತಿಸಿದ್ದೆವು. ಸರ್ಕಾರಿ ದಾಖಲೆಯೇ ಸರಿಯೆಂದು ನಂಬಿ, ತಾಳೆ ನೋಡದೆ ಇಂದು ನಮ್ಮದನ್ನು ಅಳಿಸಿ ಅದನ್ನು ತುಂಬಿದವನು ನಾನೇ. ಇಪ್ಪತ್ತು ವರ್ಷ ಕಚೇರಿಗಳ ಮುಂದೆ ಧಿಕ್ಕಾರ ಕೂಗಿದವನು!

ಪಕ್ಕದ ಮನೆಯ ಸಾಕಮ್ಮ ಮೊಬೈಲ್ ನೋಡಿ ಕೇಳಿದಳು: “ನನ್ ಒಲೆ ಉರೀತಾ ಅದೆ, ಖಾಲಿಯಂತೆ! ಅವ್ರು ಬುಟ್ರು ಸರಿ, ನೀನ್ಯಾಕ್ಲಾ ಅಳಿಸ್ದೆ?”

ಈ ನಕ್ಷೆ ತೋರಿಸಿಯೇ ಹಕ್ಕುಪತ್ರ ಕೇಳಬೇಕು. ಅಳಿಸಿದ್ದನ್ನು ಮರಳಿಸಲು ನಾಳೆ ನಂಜನಗೂಡಿನಿಂದ ನಕ್ಷೆಯ ಕೆಲಸ ಬಲ್ಲ ಗೆಳತಿ ಕವನ ಬರುತ್ತಾಳೆ. ಆದರೆ ಹಕ್ಕುಪತ್ರದ ಸಭೆಯಲ್ಲಿ ಪುರಸಭೆಯನ್ನು ಬಯ್ಯುವ ಮೊದಲು ಕೇರಿಯ ಮುಂದೆ ನಾನು ತಪ್ಪೊಪ್ಪಿಕೊಳ್ಳಬೇಕು. ಸಭೆ ಗುರುವಾರ, ಬೆಳಿಗ್ಗೆ ಹತ್ತೂವರೆಗೆ.