ಎಂಟು ಅಕ್ಷರ ಬಿಚ್ಚಿಸಿದವರಿಗೆ

ಐಸ್ ಹಾಕಿ ಲೀಗಿನ ಮಾನ್ಯ ಆಯುಕ್ತರೇ,

ಮೊಣಕೈ ಬೀಸಿದವನು ನಮ್ಮ ತಂಡದ ಕ್ಯಾಪ್ಟನ್. ಅವನನ್ನು ಆರು ಪಂದ್ಯಗಳಿಗೆ ಅಮಾನತು ಮಾಡಿದವರು ನೀವು. ಶಿಕ್ಷೆ ಅನುಭವಿಸುತ್ತಿರುವವನು ಮಾತ್ರ ಅಂದು ಆರುನೂರು ಕಿಲೋಮೀಟರ್ ಆಚೆ, ಬ್ರ್ಯಾಂಡನ್‌ನಲ್ಲಿ ತನ್ನ ಪಾಡಿಗೆ ತಾನು ಆಡುತ್ತಿದ್ದ ಗ್ಯಾರೆಟ್ ಡುರೋಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಜನ ಗಾದೆಯೆಂದು ಹೇಳಿ ನಗುತ್ತಾರೆ. ನಿಮ್ಮ ಕಚೇರಿ ಅದನ್ನು ನಿಯಮಾವಳಿಯೆಂದು ಅಚ್ಚು ಹಾಕಿಸಿದೆ.

ಅಮಾನತಿನ ಬಗ್ಗೆ ನನ್ನ ತಕರಾರಿಲ್ಲ. ಎದುರಾಳಿ ಹುಡುಗ ಗೋಡೆಗೆ ಬಡಿದು ಮಂಜುಗಡ್ಡೆಯ ಮೇಲೆ ಬಿದ್ದಾಗ ನಾನು ಆಟಗಾರರ ದಾರಿಯ ಬದಿಯಲ್ಲೇ ನಿಂತಿದ್ದೆ, ಆ ಸದ್ದು ಕೇಳಿದ್ದೇನೆ. ಮಾಡಿದ್ದುಣ್ಣೋ ಮಹರಾಯ. ಆರಲ್ಲ, ಹತ್ತು ಪಂದ್ಯ ಹೊರಗಿಟ್ಟಿದ್ದರೂ ಒಪ್ಪುತ್ತಿದ್ದೆ. ಆ ದಿನಗಳ ಸಂಬಳ ಅವನಿಗೆ ಸಿಗುವುದಿಲ್ಲ, ಅದೂ ಸರಿ. ಆದರೆ ಅವನಿಗೆ ಕೊಡದ ಆ ಸಂಬಳವನ್ನು, ಒಂದು ತಂಡ ಒಟ್ಟಾರೆ ಕೊಡಬಹುದಾದ ಸಂಬಳದ ಮಿತಿಯೊಳಗೆ ಹಾಗೇ ಲೆಕ್ಕಕ್ಕೆ ಹಿಡಿಯುತ್ತೀರಲ್ಲ, ಅದು ಯಾವ ನ್ಯಾಯ? ಆಟಗಾರ ಇಲ್ಲ, ಆಟ ಇಲ್ಲ, ಸಂಬಳವೂ ಇಲ್ಲ, ಅವನ ಜಾಗ ಮಾತ್ರ ಭರ್ತಿ! ಮಿತಿಯ ಅಂಚಿನಲ್ಲೇ ನಡೆಯುವ ನಮ್ಮಂಥ ತಂಡ ಬದಲಿ ಆಟಗಾರನನ್ನು ಎಲ್ಲಿಂದ ತರಬೇಕು? ಅದೇ ಕ್ಯಾಪ್ಟನ್ ತನ್ನದೇ ಮಂಡಿ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದರೆ, ಅವನ ಸಂಬಳದಷ್ಟು ಮಿತಿ ದಾಟಲು ನೀವೇ ಅನುಮತಿ ಕೊಡುತ್ತಿದ್ದಿರಿ. ಹೀಗಾಗಿ ನಮ್ಮೂರ ಭಕ್ತಾದಿಗಳು ಸ್ವಂತ ಕ್ಯಾಪ್ಟನ್ನಿನ ಮಂಡಿ ಮುರಿಯಲೆಂದು ಹರಕೆ ಹೊರುವ ಸ್ಥಿತಿ ಬಂದಿದೆ.

ಇದನ್ನೆಲ್ಲ ಹೇಳಲು ನಾನು ಯಾರು? ಸಸ್ಕಟೂನಿನಲ್ಲಿ ತಂಡದ ಜೆರ್ಸಿಗಳ ಬೆನ್ನಿಗೆ ಹೆಸರು ಹೊಲಿಯುವವಳು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಗ್ಯಾರೆಟ್ ಹದಿನಾರರ ವಯಸ್ಸಿನಲ್ಲಿ ಕಿರಿಯರ ತಂಡಕ್ಕೆ ಆಡಲು ಉತ್ತರದ ಸರೋವರದ ಊರಿನಿಂದ ಬಂದಾಗ ಮೂರು ಚಳಿಗಾಲ ನಮ್ಮ ಮನೆಯಲ್ಲೇ ಉಳಿದಿದ್ದ. ಹೊರಗಿನಿಂದ ಬಂದ ಆಟದ ಮಕ್ಕಳನ್ನು ಇಲ್ಲಿ ಮನೆಮನೆಯವರು ಹೀಗೆ ಹಂಚಿಕೊಂಡು ಸಾಕುತ್ತೇವೆ. ಒಂದೇ ಕೂತಿಗೆ ಆಲೂಗಡ್ಡೆ ತುಂಬಿದ ಮೂವತ್ತು ಪೆರೋಹಿ ಕಡುಬು ತಿಂದು, ತಟ್ಟೆ ತಾನೇ ತೊಳೆದಿಡುತ್ತಿದ್ದ. ಈಗ ಅವನಿಗೆ ಮೂವತ್ತೊಂದು. ಹತ್ತು ವರ್ಷ ಬ್ರ್ಯಾಂಡನ್‌ನಲ್ಲಿರುವ ನಮ್ಮ ಎರಡನೇ ದರ್ಜೆಯ ತಂಡದಲ್ಲಿ ಆಡಿದ್ದಾನೆ. ದೊಡ್ಡ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿಲ್ಲ. ಈ ವಸಂತಕ್ಕೆ ಆಟ ಬಿಟ್ಟು ಪೊಟ್ಯಾಷ್ ಗಣಿಗೆ ಸೇರುವುದೆಂದು ತೀರ್ಮಾನಿಸಿದ್ದಾನೆ.

ಅಮಾನತು ಪ್ರಕಟವಾದ ಮರುದಿನ, ಮಂಗಳವಾರ ಬೆಳಿಗ್ಗೆ, ತಂಡದ ಸಾಮಾನು ನೋಡಿಕೊಳ್ಳುವ ವೆಂಡೆಲ್ ಫೋನು ಮಾಡಿದ.

"ಓರಿಸಿಯಾ, ಕೂತ್ಕೊಂಡಿದ್ದೀಯಾ? ನಲವತ್ತೇಳನೇ ನಂಬರ್ ಜೆರ್ಸಿ ತೆಗಿ. ಹೆಸರು ಡುರೋಷೆ."

"ತಮಾಷೆ ಮಾಡಿದ್ರೆ ಸೂಜಿ ಚುಚ್ತೀನಿ ನೋಡು."

"ನಿನ್ನಾಣೆ ಕಣೇ! ಹುಡುಗ ಆಗಲೇ ಕಾರು ಹತ್ತಿದಾನೆ."

ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಸಾವಿರಾರು ಹೆಸರು ಹೊಲಿದವಳು ನಾನು, ಅಂದು ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಅಳೆದು ಹೊಲಿದೆ. ಅತ್ತಿದ್ದನ್ನು ಮುಚ್ಚಿಡುವುದೇನಿದೆ? ಉತ್ತರದಿಂದ ಅವನ ತಾಯಿ ಲಿಯೋನಾ, ಇಬ್ಬರು ಸೋದರಮಾವಂದಿರ ಜೊತೆ, ಹೊಗೆ ಹಾಕಿದ ಮೀನಿನ ಡಬ್ಬಿ ಕಟ್ಟಿಕೊಂಡು ವ್ಯಾನಿನಲ್ಲಿ ಹೊರಟಳು. ಮೊದಲ ಪಂದ್ಯ ಆಡುವವನು ಪಂದ್ಯಕ್ಕೆ ಮುಂಚಿನ ಅಭ್ಯಾಸಕ್ಕೆ ಮಂಜುಗಡ್ಡೆಗೆ ಇಳಿಯುವಾಗ ಉಳಿದವರೆಲ್ಲ ಬಾಗಿಲಲ್ಲೇ ತಡೆದು ನಿಂತು, ಅವನೊಬ್ಬನನ್ನೇ ಒಂದು ಸುತ್ತು ಹೊಡೆಯಲು ಬಿಡುವುದು ನಮ್ಮಲ್ಲಿ ರೂಢಿ. ಹೆಲ್ಮೆಟ್ ಇಲ್ಲದೆ, ತಾಯಿಗೆ ಮುಖ ಕಾಣುವ ಹಾಗೆ. ಲಿಯೋನಾ ಆ ಒಂದು ಸುತ್ತು ನೋಡಲು ಐದು ಗಂಟೆ ಪ್ರಯಾಣ ಮಾಡಿದಳು.

ನಾಲ್ಕು ಗಂಟೆಗೆ ವೆಂಡೆಲ್ ಮತ್ತೆ ಫೋನು ಮಾಡಿದ. ಅಮಾನತಾದವನ ಸಂಬಳ ಮಿತಿಯಿಂದ ಕಳೆದುಹೋಗುತ್ತದೆ ಎಂದು ನಮ್ಮ ಕಚೇರಿಯವರು ಭಾವಿಸಿದ್ದರಂತೆ. ಕೊಡದ ಸಂಬಳ ಲೆಕ್ಕಕ್ಕೆ ಬರುವುದಿಲ್ಲ ಎಂದು ನಂಬುವುದು ಅಷ್ಟು ದೊಡ್ಡ ಮೂರ್ಖತನವೇ ಆಯುಕ್ತರೇ? ಆ ಸಂಬಳ ಲೆಕ್ಕಕ್ಕೆ ಬರುತ್ತದೆ ಎಂದು ನಿಮ್ಮ ಕಚೇರಿ ಒಂದು ಸಾಲಿನ ಉತ್ತರ ಕಳಿಸಿತ್ತು.

"ಕತ್ತರಿ ತಗೋ, ಓರಿಸಿಯಾ," ಅಂದ ವೆಂಡೆಲ್.

ಆ ಸಂಜೆ ನಮ್ಮ ತಂಡ ಇಪ್ಪತ್ತರ ಬದಲು ಹತ್ತೊಂಬತ್ತು ಜನರೊಂದಿಗೆ ಆಡಿ ಸೋತಿತು. ಗ್ಯಾರೆಟ್ ತಾಯಿಯ ಪಕ್ಕ ಕೂತು, ಕೋಟು ಬಿಚ್ಚದೆ ಪಂದ್ಯ ನೋಡಿದ. ಲಿಯೋನಾ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: "ನನ್ ಮಗ ಯಾರಿಗೆ ಹೊಡ್ದಿದ್ದ?" ನಿಮ್ಮ ಬಳಿ ಉತ್ತರವಿದ್ದರೆ ಅವಳಿಗೆ ನೇರವಾಗಿ ಬರೆಯಿರಿ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. ನಿಮ್ಮ ಕರುಣೆಗೂ ಒಂದು ನಿಯಮವಿದೆ. ಒಂದು ಪಂದ್ಯವನ್ನು ಜನ ಕಡಿಮೆಯಾಗಿ ಆಡಿದ ಮೇಲೆ, ಮಿತಿಯ ಹಂಗಿಲ್ಲದೆ ತುರ್ತಾಗಿ ಒಬ್ಬನನ್ನು ಕರೆಸಬಹುದು. ಆದರೆ ಅವನ ಒಪ್ಪಂದದ ಮೊತ್ತ ನೀವು ಎಳೆದ ಗೆರೆಯ ಕೆಳಗಿರಬೇಕು. ಗ್ಯಾರೆಟ್‌ನ ಮೊತ್ತ ಆ ಗೆರೆಗಿಂತ ಹನ್ನೊಂದು ಸಾವಿರ ಡಾಲರ್ ಹೆಚ್ಚಿಗೆ ಇತ್ತು. ದೊಡ್ಡ ತಂಡದಲ್ಲಿ ಆಡಿದರೆ ಮಾತ್ರ ಸಿಗುವ, ಅವನು ಇವತ್ತಿನವರೆಗೆ ಒಂದು ಸೆಂಟೂ ಕಾಣದ ಮೊತ್ತ ಅದು. ಕಾಗದದ ಮೇಲಿನ ಆ ಹಣವೇ ಅವನನ್ನು ಬಾಗಿಲಲ್ಲಿ ತಡೆಯಿತು.

ಆ ಹೆಚ್ಚಿನ ಮೊತ್ತ ಕೇಳು ಎಂದು ಅವನಿಗೆ ಹೇಳಿದವಳು ನಾನು. ಹೋದ ಬೇಸಿಗೆಯಲ್ಲಿ, ನಮ್ಮ ಅಡುಗೆಮನೆಯಲ್ಲಿ.

"ಇದ್ದದ್ದೇ ಸಾಕು ಬಿಡಿ ಮಿಸೆಸ್ ಪಿ," ಅಂದಿದ್ದ ಗ್ಯಾರೆಟ್.

"ಅಳೋ ಮಗುಗೇ ಹಾಲು ಕಣೋ. ಹತ್ತು ವರ್ಷ ಒದೆ ತಿಂದಿದ್ದೀಯ. ಸ್ವಲ್ಪ ಜಾಸ್ತಿ ಕೇಳು, ನಾಲಿಗೆ ಏನ್ ಬಿದ್ದು ಹೋಗಲ್ಲ!"

ಕೇಳಿದ. ಕೊಟ್ಟರು. ನಾವು ಕೇಕು ಕತ್ತರಿಸಿ ಸಂಭ್ರಮಪಟ್ಟೆವು. ಹೀಗಾಗಿ ಗುರುವಾರ ಅವನ ಬದಲು ಇಪ್ಪತ್ತರ ಹುಡುಗನೊಬ್ಬ ಬಂದ. ಅದೇ ನಲವತ್ತೇಳರ ಜೆರ್ಸಿಗೆ ಅವನ ಹೆಸರು ಹೊಲಿದೆ. ಡುರೋಷೆಯ ಹಳೆಯ ಸೂಜಿ ತೂತುಗಳು ಬಟ್ಟೆಯಲ್ಲಿ ಇನ್ನೂ ಕಾಣುತ್ತಿದ್ದವು. ಹುಡುಗ ಒಳ್ಳೆಯವನು, ಅವನು ಒಬ್ಬನೇ ಆ ಒಂದು ಸುತ್ತು ಹೊಡೆದಾಗ ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಗ್ಯಾರೆಟ್‌ಗೆ ಫೋನು ಮಾಡಿ ತಪ್ಪಾಯಿತು ಅಂದೆ.

"ನೀವ್ಯಾಕೆ ಅಳ್ತೀರಾ ಮಿಸೆಸ್ ಪಿ? ಕೇಳಿದ್ದು ನಾನು ತಾನೇ. ಊಟ ಆಯ್ತಾ?" ಅಂದ. ಅವನು ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ತಂಡಕ್ಕೂ ಬಿಸಿ ತಟ್ಟಬೇಕು, ಇಲ್ಲವಾದರೆ ಒರಟಾಟಕ್ಕೆ ಕಡಿವಾಣವಿಲ್ಲ ಎಂಬುದು ನಿಮ್ಮ ವಾದವೆಂದು ಪತ್ರಿಕೆಯಲ್ಲಿ ಓದಿದೆ. ಬಿಸಿ ತಟ್ಟಿದ್ದು ಯಾರಿಗೆ ಸ್ವಾಮಿ? ಮಾಲೀಕರು ಗಾಜಿನ ಕೋಣೆಯಲ್ಲಿ ಕೂತು ಎಂದಿನಂತೆ ಊಟ ಮಾಡುತ್ತಿದ್ದರು. ಕ್ಯಾಪ್ಟನ್ ಮನೆಯಲ್ಲಿ ಮಕ್ಕಳ ಜೊತೆ ಹಾಯಾಗಿದ್ದಾನೆ, ಏಳನೇ ಪಂದ್ಯಕ್ಕೆ ವಾಪಸು ಬರುತ್ತಾನೆ. ಅಮಾನತನ್ನು ಲಾಭಕ್ಕೆ ಬಳಸಿ ಕೋಟ್ಯಧಿಪತಿ ಆಟಗಾರರನ್ನು ಕೊಂಡುತರುತ್ತಾರೆಂಬ ಭಯವೇ? ಹಾಗಿದ್ದರೆ ಹೊರಗಿನಿಂದ ಯಾರನ್ನೂ ತರಕೂಡದು ಎನ್ನಿ. ತಂಡದ್ದೇ ಎರಡನೇ ದರ್ಜೆಯವರನ್ನು ಮೊದಲ ಪಂದ್ಯದಿಂದಲೇ, ಗೆರೆಯ ಕಾಟವಿಲ್ಲದೆ ಕರೆಸಲು ಬಿಡಿ. ನನ್ನ ಬೇಡಿಕೆ ಇಷ್ಟೇ. ಮುಂದಿನ ವರ್ಷದ ಸಭೆಯಲ್ಲಿ ಪರಿಶೀಲಿಸುತ್ತೇವೆ ಎಂಬ ಉತ್ತರ ನನಗೆ ಬೇಡ, ಆಗ ಗ್ಯಾರೆಟ್ ನೆಲದಡಿಯಲ್ಲಿ ಗಣಿ ಅಗೆಯುತ್ತಿರುತ್ತಾನೆ.

ಆರರಲ್ಲಿ ಐದು ಪಂದ್ಯ ಮುಗಿದಿವೆ. ಕೊನೆಯದು ಶನಿವಾರ, ನಮ್ಮೂರಲ್ಲೇ. ಬಂದ ಹುಡುಗನ ಕಣಕಾಲು ನಿನ್ನೆ ಉಳುಕಿದೆ, ಮತ್ತೆ ಹತ್ತೊಂಬತ್ತೇ ಜನ. ಒಂದು ವಿನಾಯಿತಿಗೆ ನಿಮ್ಮ ಒಂದು ಸಹಿ ಸಾಕು. ಬಿಚ್ಚಿದ ಎಂಟು ಅಕ್ಷರಗಳನ್ನು ನಾನು ಎಸೆದಿಲ್ಲ, ಕಾಫಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಭ್ಯಾಸಕ್ಕೆ ಇಳಿಯುವುದು ಆರೂವರೆಗೆ. ಹೊಲಿಯಲು ನನಗೆ ನಲವತ್ತು ನಿಮಿಷ ಬೇಕು. ಲಿಯೋನಾ ಇನ್ನೂ ಊರಿಗೆ ಹೋಗಿಲ್ಲ. ಶನಿವಾರ ಐದು ಗಂಟೆಯವರೆಗೆ ನಾನು ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿರುತ್ತೇನೆ.

ಇಂತಿ,
ಹೊಲಿದದ್ದನ್ನು ತಾನೇ ಬಿಚ್ಚಿದವಳು,
ಓರಿಸಿಯಾ ಪಲಮಾರ್
ಸಸ್ಕಟೂನ್