ಸ್ಪೀಕರಿಗೆ ಬಟ್ಟೆ ಕಟ್ಟಿದ ಪ್ರಕರಣ

ನಮ್ಮ ಬೀದಿಯನ್ನು ಚಂದಗಾಣಿಸಲು ಪಣ ತೊಟ್ಟಿರುವ ಮಾನ್ಯ ನಗರ ಸೌಂದರ್ಯೀಕರಣ ಅಧಿಕಾರಿಗಳೇ,

ಹೋಟೆಲು ಬೀದಿಯ ಕಂಬಕಂಬಕ್ಕೂ ತಾವು ಹಾಕಿಸಿರುವ ಸ್ಪೀಕರುಗಳಿಂದಾಗಿ ನನ್ನ ಹೆಂಡತಿ ಮತ್ತೆ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದಾಳೆ. ಅವುಗಳಲ್ಲಿ ಒಂದರ ಬಾಯಿಗೆ ಬಟ್ಟೆ ಕಟ್ಟಿದ ತಪ್ಪಿಗೆ, ಬೀದಿಗೆಲ್ಲ ದೊಡ್ಡಮ್ಮ ಎನಿಸಿಕೊಂಡಿರುವ ಹೋಟೆಲಿನಾಕೆಗೆ ತಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಬಟ್ಟೆಯನ್ನು ತಮ್ಮ ಸಿಬ್ಬಂದಿ ಬಿಚ್ಚಿಕೊಂಡು ಹೋದರು. ಸಾಲದ್ದಕ್ಕೆ, ಪರವಾನಗಿಯನ್ನು ಏಕೆ ರದ್ದು ಮಾಡಬಾರದು ಎಂದು ಕೇಳಿದ್ದೀರಿ. ಒಲೆ ಬಿಟ್ಟು ಏಳಲು ಅವರಿಗೆ ಪುರುಸೊತ್ತಿಲ್ಲ. ಹಾಗಾಗಿ ಆ ಬಟ್ಟೆಗೆ ಮೂಲ ಕಾರಣನಾದ ನಾನೇ ಉತ್ತರ ಬರೆಯುತ್ತಿದ್ದೇನೆ, ಅದೂ ಎಲ್ಲರೂ ಓದುವ ಹಾಗೆ. ಗುಟ್ಟಾಗಿ ಮಾತಾಡುವ ಅವಕಾಶವನ್ನು ತಮ್ಮ ಸ್ಪೀಕರು ನಮ್ಮ ಬೀದಿಯಲ್ಲಿ ಯಾರಿಗೂ ಉಳಿಸಿಲ್ಲವಲ್ಲ!

ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನನ್ನ ಹೆಂಡತಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಿಳಿಯುತ್ತದೆ. ಪರಿಮಳ ಎಂಬುದು ಮಾತ್ರ ಪೂರಾ ಮಾಯ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರಿಯಾಗುತ್ತಿದ್ದರೂ ಇವಳು ಪಕ್ಕದ ಕೋಣೆಯಲ್ಲಿ ನೆಮ್ಮದಿಯಾಗಿ ಬಟ್ಟೆ ಮಡಚುತ್ತಿದ್ದಳು. ಹೊರಗಿನಿಂದ ಬಂದ ನನಗೇ ಮೊದಲು ಆ ವಾಸನೆ ಬಡಿದದ್ದು. ಅಂದಿನಿಂದ ಇವಳು ಅಡುಗೆಮನೆಗೆ ಕಾಲಿಡಲಿಲ್ಲ. ನಂಟರಿಷ್ಟರೆಲ್ಲ ಇವಳ ಕೈರುಚಿಯನ್ನು ಹಾಡಿ ಹೊಗಳುವವರು. ಅವರ ಮುಂದೆ ಇದನ್ನು ಬಾಯಿಬಿಡಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಮಾತ್ರೆ ನುಂಗಲು ಬೇಕಾದಷ್ಟು ಉಣ್ಣುತ್ತಿದ್ದಳು, ಅಷ್ಟೇ. ಬಳೆ ಕೈಯಿಂದ ತಾನಾಗಿ ಜಾರತೊಡಗಿದಾಗ ನನಗೆ ಭಯವಾಯಿತು.

ಬೇರೆ ದಾರಿ ಕಾಣದೆ ಹೋಟೆಲಿಗೆ ಕರೆದುಕೊಂಡು ಹೋದೆ. ಗೊಣಗುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಮೊದಲ ಚಮಚಕ್ಕೇ ಶುರು ಮಾಡಿದೆ: "ಈ ಸೂಪಿಗೆ ಬೆಳ್ಳುಳ್ಳಿ ತೋರಿಸಿ ವಾಪಸ್ ತಗೊಂಡಿದ್ದಾರೆ ಕಣೇ."

ಇವಳು ನಕ್ಕಳು. ತಿಂಗಳುಗಳ ಮೇಲೆ. "ಒಂಚೂರೂ ಇಲ್ವಾ? ನುಂಗಿದ ಮೇಲಾದ್ರೂ ಬರುತ್ತಾ, ನೋಡಿ ಹೇಳಿ" ಎಂದು ಕೇಳುತ್ತಾ ತಾನೂ ಇನ್ನೊಂದು ಚಮಚ ಬಾಯಿಗಿಟ್ಟಳು. ನಾನು ನೋಡಿ ಹೇಳಿದೆ. ಬಟ್ಟಲು ಖಾಲಿಯಾಯಿತು!

ಅಲ್ಲಿಂದಾಚೆ ವಾರಕ್ಕೊಂದು ಹೊಸ ಹೋಟೆಲು. ಈಗ ಜನ ತಿಂದದ್ದನ್ನೆಲ್ಲ ಫೋಟೊ ತೆಗೆದು ಊರಿಗೆಲ್ಲ ಹಂಚುತ್ತಾರೆ. ನನ್ನ ಅಭಿಪ್ರಾಯ ಕೇಳುವವಳು ಇವಳೊಬ್ಬಳೇ. ಅಂಥ ಕಟ್ಟುನಿಟ್ಟಿನ ಕೇಳುಗರು ಶತ್ರುವಿಗೂ ಬೇಡ. "ಚೆನ್ನಾಗಿದೆ" ಎಂದು ತಪ್ಪಿಸಿಕೊಳ್ಳಲು ನೋಡಿದರೆ, "ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ರೀ, ಏನು ಹೇಗಿದೆ ಹೇಳಿ" ಎಂದು ಹಿಡಿದು ಕೂರಿಸುತ್ತಾಳೆ. ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಗೆ ಬಂದವರಿಗೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವೋ, ಮೊದಲಿನದೋ?" ಎಂದು ಕೇಳುವುದು ನನ್ನ ಕೆಲಸ. ಆ ಪ್ರಶ್ನೆಯನ್ನು ಇವಳು ನನ್ನ ಮೇಲೇ ತಿರುಗಿಸಿದಳು. ಜೀರಿಗೆ ಹುರಿದದ್ದೋ, ಹಸಿಯದೋ? ಈರುಳ್ಳಿ ಹೋದ ವಾರದಷ್ಟು ಘಮವೋ, ಕಡಿಮೆಯೋ? ನಾನು ಅದೋ ಇದೋ ಎಂದು ಉತ್ತರಿಸುತ್ತಾ ಹೋದಂತೆ ಇವಳು ಕಣ್ಣು ಮುಚ್ಚಿ, ಹಳೆಯ ನೆನಪಿನಿಂದ ಪರಿಮಳವನ್ನು ತಂದುಕೊಂಡು ಉಣ್ಣುತ್ತಿದ್ದಳು. ಬಳೆ ಮತ್ತೆ ಕೈಯಲ್ಲಿ ನಿಂತಿತು.

ಅಷ್ಟರಲ್ಲಿ ತಮ್ಮ ಕೃಪೆಯಾಯಿತು. ಬೀದಿಗೆ "ಆಹ್ಲಾದಕರ ವಾತಾವರಣ" ಬೇಕೆಂದು ಯಾರು ಅರ್ಜಿ ಹಾಕಿದ್ದರೋ ಕಾಣೆ. ಬೆಳಗಿನಿಂದ ಒಂದೇ ಕೊಳಲು, ಒಂದೇ ರಾಗ. ನಡುವೆ ಒಬ್ಬ ಮಹಿಳೆ ಬಂದು, ನಾವು ನಮ್ಮದೇ ಬೀದಿಗೆ ಬಂದದ್ದಕ್ಕೆ ನಮಗೆ ಧನ್ಯವಾದ ಹೇಳುತ್ತಾರೆ. ಕೊಳಲಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಎದುರು ಕೂತ ಹೆಂಡತಿಗೆ ಜೀರಿಗೆಯ ಸಮಾಚಾರ ಮುಟ್ಟಿಸಲು ಗಂಟಲು ಹರಿಯುವಂತೆ ಕೂಗಬೇಕೇ?

ಕೂಗಿದೆ. ದೊಡ್ಡಮ್ಮನ ಹೋಟೆಲಿನಲ್ಲಿ, ಕೆಂಡದಲ್ಲಿ ಸುಟ್ಟ ಬದನೆಕಾಯಿ ಮುಂದಿಟ್ಟುಕೊಂಡು, "ಘಮ್ಮನೆ ಸುಟ್ಟ ವಾಸನೆ ಬರ್ತಿದೆ ಕಣೇ, ನೀನು ಮಾಡ್ತಿದ್ದೆಯಲ್ಲ, ಹಾಗೇ" ಎಂದು ಹೇಳಹೊರಟೆ. ತಮ್ಮ ಕೊಳಲು ಸರಿಯಾಗಿ ನಡುವೆ ಉಸಿರು ತೆಗೆದುಕೊಂಡಿತು. ಆ ಮೌನದಲ್ಲಿ "ಸುಟ್ಟ ವಾಸನೆ ಬರ್ತಿದೆ" ಎಂಬಷ್ಟು ಮಾತ್ರ ಇಡೀ ಹೋಟೆಲಿಗೆ ಕೇಳಿಸಿತು. ಉಳಿದದ್ದನ್ನು ಕೊಳಲು ನುಂಗಿತು. ಸುತ್ತಲಿನವರು ತಟ್ಟೆ ಮೂಸತೊಡಗಿದರು. ಸೌಟಿನ ಸಮೇತ ಬಂದರು ದೊಡ್ಡಮ್ಮ.

"ಏನಪ್ಪಾ, ನಿಂಗೆ ಹಿಡಿಸ್ಲಿಲ್ಲಾಂದ್ರೆ ನನ್ನ ಹತ್ರ ಹೇಳು. ಹಿಂಗಾ ಡಂಗುರ ಸಾರೋದು?"

"ಅಯ್ಯೋ ದೊಡ್ಡಮ್ಮಾ, ನಾನು ಹೊಗಳ್ತಿದ್ದೆ!"

"ಹೊಗಳೋಕೆ ಯಾರಾದ್ರೂ ಹಂಗೆ ಅರಚ್ತಾರಾ?"

ಆಗ ನನ್ನ ಹೆಂಡತಿ ಎದ್ದು ನಿಂತು ಮೆಲ್ಲಗೆ ಏನೋ ಹೇಳಿದಳು. ಕೊಳಲಿನ ಗಲಾಟೆಯಲ್ಲಿ ದೊಡ್ಡಮ್ಮನಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳಮ್ಮಾ" ಎಂದರು. ನಂಟರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಮಾತನ್ನು ಇವಳು ಗಂಟಲೆತ್ತಿ ಕೂಗಬೇಕಾಯಿತು: "ನಂಗೆ ವಾಸನೆ ಗೊತ್ತಾಗಲ್ಲ ದೊಡ್ಡಮ್ಮಾ! ಇವರು ಹೇಳಿದ್ರೇನೇ ನಾನು ಊಟ ಮಾಡೋದು!"

ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು. ಅಂದು ಇವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅದಕ್ಕಾಗಿ ನಾನು ತಮ್ಮನ್ನು ಸುಲಭಕ್ಕೆ ಕ್ಷಮಿಸುವುದಿಲ್ಲ.

ದೊಡ್ಡಮ್ಮ ಬಾಗಿಲ ಮುಂದಿನ ಕಂಬದ ಬುಡಕ್ಕೆ ಕುರ್ಚಿ ಎಳೆದರು, ಹತ್ತಿದರು, ಹೆಗಲ ಮೇಲಿದ್ದ ಕೈ ಒರೆಸುವ ಬಟ್ಟೆಯನ್ನು ಮಡಚಿ ಸ್ಪೀಕರಿನ ಬಾಯಿಗೆ ಬಿಗಿದರು. ಇಳಿದು ಬಂದು ನನಗೆ, "ಈಗ ಹೇಳಪ್ಪಾ, ನಿಧಾನಕ್ಕೆ" ಎಂದರು. ಹೇಳಿದೆ. ಇವಳು ಅತ್ತುಕೊಂಡೇ ಬದನೆಕಾಯಿ ಮುಗಿಸಿ, ಇನ್ನೊಂದು ಕೇಳಿದಳು.

ತಮ್ಮ ನೋಟಿಸಿನ ಭಾಷೆಯಲ್ಲಿ ಇದು "ಸಾರ್ವಜನಿಕ ಆಸ್ತಿಯನ್ನು ವಿರೂಪಗೊಳಿಸಿದ ಕೃತ್ಯ". ಎಣ್ಣೆ ಜಿಡ್ಡಿನ ಬಟ್ಟೆ ನೋಡಲು ಚಂದವಿರಲಿಲ್ಲ, ಒಪ್ಪುತ್ತೇನೆ. ಬೇಕಿದ್ದರೆ ಹೂವಿನ ಚಿತ್ರವಿರುವ ಬಟ್ಟೆಯನ್ನು ನಾನೇ ಹೊಲಿಸಿಕೊಡುತ್ತೇನೆ. ಸೌಂದರ್ಯಕ್ಕೂ ಧಕ್ಕೆಯಾಗದು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ದೊಡ್ಡಮ್ಮನ ಮೇಲಿನ ನೋಟಿಸನ್ನು ವಾಪಸು ಪಡೆಯಿರಿ, ಊಟದ ಹೊತ್ತಿನಲ್ಲಿ ಸ್ಪೀಕರುಗಳನ್ನು ಸುಮ್ಮನಿರಿಸಿ. ಅದು ಸಾಧ್ಯವೇ ಇಲ್ಲವೆಂದಾದರೆ, ಧನ್ಯವಾದ ಹೇಳುವ ಆ ಮಹಿಳೆಗೆ ಜೀರಿಗೆ ಹುರಿದದ್ದೋ ಹಸಿಯದೋ ಎಂಬುದನ್ನೂ ತಿಳಿಸುವಂತೆ ಆದೇಶ ಹೊರಡಿಸಿ. ಅದೂ ಆಗದಿದ್ದರೆ ತಾವೇ ಒಮ್ಮೆ ದಯಮಾಡಿಸಿ ನಮ್ಮ ಮೇಜಿನಲ್ಲಿ ಕೂತು, ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ತುತ್ತು ತಿನ್ನಿ. ಏನು ಹೇಗಿದೆ ಎಂದು ಎದುರು ಕೂತು ನಾನು ಹೇಳುತ್ತೇನೆ. ಕೇಳಿಸದಿದ್ದರೆ ಯಾರಿಗೆ ದೂರು ಕೊಡಬೇಕೆಂದು ತಮಗೆ ಗೊತ್ತೇ ಇದೆ.

ಇಂತಿ,
ಊರಿನವರ ಕಣ್ಣಿಗೆ ಗಾಜು ಹಾಕಿಕೊಡುವ,
ಮನೆಯಾಕೆಗೆ ಮೂಗಾಗಿ ದುಡಿಯುವ,
ಸದ್ಯ ಗಂಟಲು ಕಟ್ಟಿ ಮಾತೇ ಹೊರಡದಿರುವ
ಕನ್ನಡಕದ ಅಂಗಡಿಯವನು