ಹಾಲು ಕುಡಿದ ಟ್ಯೂಬುಗಳು

ಭಾನುವಾರ, ಬೆಳಗ್ಗೆ
ಹೊಸ ಮನೆಯ ಅಡುಗೆಮನೆಯಿಂದ

ನನ್ನ ಒಬ್ಬಳೇ ಒಬ್ಬಳು ಅಕ್ಕನಿಗೆ,

ನಿನ್ನ ಬಾಲ ಅಂತಲೇ ಕರೆಸಿಕೊಂಡ ತಂಗಿಯಿಂದ ಒಂದು ದೊಡ್ಡ ಅಪ್ಪುಗೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಅದಕ್ಕೇ ಕಾಗದ ಹಿಡಿದೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲವಲ್ಲ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡ ನಿನಗೆ ಗೊತ್ತೇ ಇದೆ; ಎಲ್ಲಾದರೂ ಒತ್ತಕ್ಷರ ಬಿದ್ದುಹೋಗಿದ್ದರೆ ಎತ್ತಿ ಇಟ್ಟುಕೊಂಡು ಓದು.

ಅಕ್ಕಾ, ನಾನು ಎಷ್ಟು ಖುಷಿಯಾಗಿದ್ದೇನೆ ಅಂದರೆ ನನ್ನ ದೃಷ್ಟಿ ನನಗೇ ತಾಗೀತು. ಮನೆ ಮೂರನೇ ಮಹಡಿಯಲ್ಲಿದೆ. ಕಿಟಕಿ ತೆಗೆದರೆ ಇವರ ಸಂಶೋಧನಾ ಸಂಸ್ಥೆಯ ಹಿಂದಿನ ಗೇಟು ಕಾಣುತ್ತದೆ. ನೀನು ಸೈಕಲ್ ನಿಲ್ಲಿಸುತ್ತಿದ್ದ ತಗಡಿನ ಶೆಡ್ಡೂ ಕಾಣುತ್ತದೆ. ಬೆಳಗ್ಗೆ ಇವರು ಆ ಗೇಟಿನಲ್ಲಿ ಒಳಗೆ ಹೋಗುವ ಮುಂಚೆ ತಿರುಗಿ ಕೈ ಬೀಸುತ್ತಾರೆ, ನಾನು ಇಲ್ಲಿಂದ ಟವೆಲ್ ಬೀಸುತ್ತೇನೆ. ಕೆಳಗಿನ ಮನೆಯ ಆಂಟಿ ನೋಡಿ, ಏನಮ್ಮಾ ದಿನಾ ರೈಲು ಬಿಡ್ತೀಯಾ ಅಂತ ಕೇಳಿದರು. ಹೌದು ಆಂಟಿ, ಸಂಜೆ ಅದೇ ರೈಲು ವಾಪಸ್ ಬರುತ್ತೆ ಅಂದೆ.

ನಿನ್ನ ಓದುವ ಮೇಜನ್ನು ಅಮ್ಮ ನಮಗೇ ಕೊಟ್ಟಳು, ಅವಳಿಗೆ ಇನ್ಯಾಕೆ ಅಂತ. ಅದರ ಮೇಲೆ ಈಗ ಮಿಕ್ಸಿ ಇಟ್ಟಿದ್ದೇನೆ, ಎತ್ತರ ಸರಿಯಾಗಿದೆ. ಇದನ್ನು ಬರೆಯುತ್ತಿರುವುದೂ ಅದರ ಮೇಲೆಯೇ. ನಿನ್ನ ಮೊಣಕೈ ಊರಿದ ಕಡೆ ಪಾಲಿಶ್ ಸವೆದಿದೆ, ಅಲ್ಲೊಂದು ಚೆಂದದ ಹೊದಿಕೆ ಹಾಸಿದ್ದೇನೆ.

ನೀನು ಮದುವೆಗೆ ಬರಲಿಲ್ಲವೆಂದು ನನಗೆ ಒಂದಿಷ್ಟೂ ಬೇಜಾರಿಲ್ಲ. ಬರದಿದ್ದುದೇ ಒಳ್ಳೆಯದಾಯಿತು ಅಂತ ಇವರು ಹೇಳಿದರು. ಸಂಸ್ಥೆಯವರೆಲ್ಲ ಬಂದಿದ್ದರಲ್ಲ, ನಿನಗೂ ಮುಜುಗರ, ಅವರಿಗೂ ಮುಜುಗರ. ಇವರ ಮನಸ್ಸು ಎಷ್ಟು ಸೂಕ್ಷ್ಮ ನೋಡು.

ನಿಜ ಹೇಳಬೇಕೆಂದರೆ ನಮ್ಮನ್ನು ಸೇರಿಸಿದವಳು ನೀನೇ. ವಿಚಾರಣೆ ಮುಗಿದ ಮೇಲೆ ನಿನ್ನ ಲ್ಯಾಬಿನ ಸಾಮಾನುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಇವರೇ ಮನೆಗೆ ತಂದುಕೊಟ್ಟರಲ್ಲ, ಬಿಳಿ ಕೋಟು, ಚಪ್ಪಲಿ, ಹಿಡಿ ಮುರಿದ ಆ ಕಾಫಿ ಕಪ್. ನೀನು ಕೋಣೆಯ ಬಾಗಿಲು ತೆಗೆಯಲಿಲ್ಲ. ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಲಾಗುತ್ತದೆಯೇ? ಕೂರಿಸಿ ಕಾಫಿ ಕೊಟ್ಟೆ. ನೀನು ಒಳಗೆ ಅಳುತ್ತಿದ್ದದ್ದು ನಡುಮನೆಯವರೆಗೆ ಕೇಳುತ್ತಿತ್ತು. ಇವರಿಗೆ ಕಸಿವಿಸಿಯಾಗಬಾರದೆಂದು ಟೀವಿ ಹಾಕಿದೆ. ಅದರಲ್ಲಿ ಬಂದ ಒಂದು ಜೋಕಿಗೆ ಇಬ್ಬರೂ ಒಟ್ಟಿಗೆ ನಕ್ಕೆವು. ಅಷ್ಟೇ, ಅಲ್ಲಿಂದ ಶುರು.

ನಿನ್ನ ಕೆಲಸದ ತಲೆಬುಡ ಮೊದಲು ನನಗೆ ತಿಳಿಯುತ್ತಿರಲಿಲ್ಲ. ಈಗ ಇವರು ಎಲ್ಲ ಹೇಳಿಕೊಟ್ಟಿದ್ದಾರೆ. ಊಟ ಕರುಳಿಗೆ ಇಳಿದಾಗ ಕರುಳು ಪೆಪ್ಟೈಡ್ ಎಂಬ ಪುಟಾಣಿ ಪ್ರೋಟೀನ್ ತುಣುಕುಗಳನ್ನು ರಕ್ತಕ್ಕೆ ಬಿಡುತ್ತದಂತೆ. ಅವು ಹೋಗಿ ಮೇದೋಜೀರಕ ಗ್ರಂಥಿಯ ಜೀವಕೋಶಗಳ ಬಾಗಿಲು ತಟ್ಟಿ, ಊಟ ಬಂತು ಏಳ್ರೋ, ರಸ ಬಿಡ್ರೋ ಅಂತ ಎಬ್ಬಿಸುತ್ತವಂತೆ. ಬಣ್ಣ ಕುಡಿಸಿದ ಕೋಶ ಎಚ್ಚರಗೊಂಡರೆ ಸೂಕ್ಷ್ಮದರ್ಶಕದ ಕೆಳಗೆ ಹಸಿರಾಗಿ ಮಿನುಗುತ್ತದೆ. ಯಾರೂ ಲೆಕ್ಕಕ್ಕಿಡದ ಒಂದು ಪೆಪ್ಟೈಡ್ ಇದ್ದೂ ಇಲ್ಲದಷ್ಟು ಇದ್ದರೂ ಸಾಕು, ಕೋಶ ಏಳುತ್ತದೆ ಎಂದು ನೀನು ವರ್ಷಗಟ್ಟಲೆ ಹೇಳಿದೆ. ಬೇರೆ ಯಾರು ಮಾಡಿ ನೋಡಿದರೂ ಬರಲಿಲ್ಲ. ಕೊನೆಗೆ ವಿಚಾರಣಾ ಸಮಿತಿಯ ಎದುರು, ಇವರ ಉಸ್ತುವಾರಿಯಲ್ಲಿ, ಆಗಷ್ಟೇ ಸೀಲು ಒಡೆದ ಹೊಸ ಟ್ಯೂಬುಗಳಲ್ಲಿ ನಿನ್ನ ಕೈಯಿಂದಲೇ ಮಾಡಿಸಿದರು. ಒಂದು ಕೋಶವೂ ಕಣ್ಣು ಬಿಡಲಿಲ್ಲ. ನೀನು ಮೊದಲು ತೋರಿಸಿದ್ದ ಮಿನುಗುವ ಕೋಶಗಳ ಚಿತ್ರಗಳೆಲ್ಲ ಸುಳ್ಳೇ ಸೃಷ್ಟಿ ಮಾಡಿದವು ಎಂದು ಇವರು ಬರೆದುಕೊಟ್ಟರು. ಕಣ್ಣೆದುರು ಕಂಡದ್ದನ್ನು ತಾನೇ ಬರೆಯಬೇಕು? ನಿನ್ನ ಮೇಲೆ ಇವರಿಗೆ ಯಾವ ಸಿಟ್ಟೂ ಇರಲಿಲ್ಲ.

ಅಮ್ಮ ಹೇಳಿದಳು, ನೀನು ಈಗಲೂ ಉಣ್ಣುತ್ತಾ ಉಣ್ಣುತ್ತಾ ಕೈ ನಿಲ್ಲಿಸಿ, ನಾನು ನಿಜವಾಗ್ಲೂ ನೋಡಿದ್ನಾ ಅಮ್ಮ, ಇಲ್ಲಾ ನೋಡಬೇಕು ಅಂತ ಆಸೆಪಟ್ಟು ನೋಡಿದ್ನಾ ಅಂತ ಕೇಳುತ್ತೀಯಂತೆ. ಪಾಪ, ಅಮ್ಮನಿಗೆ ಏನು ಗೊತ್ತು? ನನ್ನನ್ನು ಕೇಳು. ಅಕ್ಕಾ, ನೀನು ನಿಜವಾಗಿಯೇ ನೋಡಿದ್ದೆ.

ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ, ತುಂಬಾ ಸ್ವೀಟ್ ಆಗಿದೆ. ಹನಿಮೂನಿನಲ್ಲಿ ಒಂದು ಬೆಳಗ್ಗೆ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದೆವು. ನಾನು ಲೋಟಕ್ಕೆ ಹಾಲು ಸುರಿಯುವಾಗ ನಗು ಬಂತು. ಯಾಕೆ ಅಂತ ಇವರು ಕೇಳಿದರು. ನಮ್ಮಕ್ಕ ಟ್ಯೂಬುಗಳಿಗೂ ಹಾಲು ಕುಡಿಸ್ತಿದ್ಲು ಗೊತ್ತಾ ಅಂದೆ. ನಿನಗೆ ನೆನಪಿದೆಯಲ್ಲ, ನಿಮ್ಮ ಲ್ಯಾಬಿನ ಸೋಪಿನ ಘಾಟಿಗೆ ಕೋಶಗಳು ಸಾಯುತ್ತವೆಂದು ನೀನು ಗಾಜಿನ ಟ್ಯೂಬುಗಳನ್ನು ಊಟದ ಡಬ್ಬಿಯಲ್ಲಿ ಮನೆಗೆ ತರುತ್ತಿದ್ದೆ. ನೀರು ಬೆರೆಸಿದ ಹಾಲಲ್ಲಿ ನೆನೆಹಾಕಿ, ಬೆಳಗ್ಗೆ ಜಾಲಿಸಿ ಒಯ್ಯುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು, ಪಾಪು ತೇಗ್ತಾ ಅಕ್ಕಾ ಅಂತ ರೇಗಿಸುತ್ತಿದ್ದೆ. ಸೋಪು ಬಿಡಿಸ್ತಿದೀನಿ ಕಣೇ, ತಲೆ ತಿನ್ನಬೇಡ ಹೋಗು ಅಂತ ಬೈದು, ಕೆನೆಗೆ ಸಕ್ಕರೆ ಉದುರಿಸಿ ಬಾಯಿಗಿಟ್ಟು ಕಳಿಸುತ್ತಿದ್ದೆ.

ಇವರು ಚಮಚ ಕೆಳಗಿಟ್ಟರು. ಇನ್ನೊಂದ್ಸಲ ಹೇಳು ಅಂದರು. ಹೇಳಿದೆ. ವಿಚಾರಣೆಯ ದಿನ ಹೊಸ ಟ್ಯೂಬು ಅಲ್ವಾ, ಸೋಪೇ ಇರಲಿಲ್ಲ, ಅದಕ್ಕೇ ಅವಳು ಹಾಲು ಹಾಕಲಿಲ್ಲ ಅಂದರು. ಆಮೇಲೆ ವಿವರಿಸಿದರು: ಅಷ್ಟು ಕಡಿಮೆ ಪೆಪ್ಟೈಡನ್ನು ಬರಿಯ ಟ್ಯೂಬಿಗೆ ಹಾಕಿದರೆ ಎಲ್ಲ ಅದರ ಗೋಡೆಗೇ ಅಂಟಿಕೊಳ್ಳುತ್ತದೆ, ಕೋಶಕ್ಕೆ ಬರೀ ನೀರು ಹೋಗುತ್ತದೆ. ಹಾಲಿನ ಪ್ರೋಟೀನ್ ಮೊದಲೇ ಹೋಗಿ ಗೋಡೆ ಹಿಡಿದಿದ್ದರೆ ಪೆಪ್ಟೈಡಿಗೆ ಅಂಟಲು ಜಾಗವಿಲ್ಲ. ನೀನು ಪಾತ್ರೆ ತೊಳೆಯುತ್ತಿದ್ದೇನೆ ಅಂದುಕೊಂಡಿದ್ದೆ, ಪಾತ್ರೆ ತೊಳೆದದ್ದನ್ನು ಯಾರಾದರೂ ಪ್ರಯೋಗದ ವಿಧಾನದಲ್ಲಿ ಬರೆಯುತ್ತಾರೆಯೇ? ಅವಳಿಗೇ ಗೊತ್ತಿಲ್ಲ, ಅವಳಿಗೇ ಗೊತ್ತಿಲ್ಲ ಅಂತ ನಗುತ್ತಾ ಇವರು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಹನಿಮೂನ್ ಅರ್ಧಕ್ಕೆ ಬಿಟ್ಟು ಅವತ್ತೇ ಹೊರಟೆವು. ನನಗೆ ಒಂಚೂರೂ ದುಃಖವಾಗಲಿಲ್ಲ.

ಕೋಶಗಳು ಮಿನುಗಿದ ದಿನ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಎಷ್ಟು ಚೆಂದ ಅಕ್ಕಾ. ಕರೆಂಟು ಹೋದ ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತಿಕೊಂಡ ಹಾಗೆ. ಇದಕ್ಕೇ ನೀನು ಮದುವೆ ಗಿದುವೆ ಎಲ್ಲ ಬಿಟ್ಟು ಕೂತಿದ್ದೆ ಅಂತ ಆಗ ಅರ್ಥವಾಯಿತು. ನೀನು ಕೂರುತ್ತಿದ್ದ ಸ್ಟೂಲಿನ ಮೇಲೇ ಕೂತು ನೋಡಿದೆ.

ಇವರು ಬರೆದ ಲೇಖನ ದೊಡ್ಡ ವಿಜ್ಞಾನ ಪತ್ರಿಕೆಯೊಂದಕ್ಕೆ ಹೋಗಿದೆ. ಕೊನೆಯ ಸಾಲಿನಲ್ಲಿ, ಹಾಲಿನ ಸುಳಿವು ಕೊಟ್ಟ ನನ್ನ ಪತ್ನಿಗೆ ಕೃತಜ್ಞತೆ ಅಂತ ಇದೆ. ಓದಿ ಅತ್ತೇಬಿಟ್ಟೆ. ನಿನ್ನ ಹೆಸರು ಕೇಳಲಿಲ್ಲ ಅಂದುಕೊಳ್ಳಬೇಡ, ಕೇಳಿದೆ. ನಿಮ್ಮಕ್ಕನ ಹೆಸರು ಕಂಡರೆ ಯಾರೂ ಮುಂದೆ ಓದಲ್ಲ, ಅವಳ ಕೆಲಸ ಬದುಕಬೇಕು ಅಂದ್ರೆ ಅವಳ ಹೆಸರು ಇರಬಾರದು ಅಂದರು. ಸರಿ ಅನ್ನಿಸಿತು.

ಕಳೆದ ವಾರ ನಿನ್ನ ಹಳೆಯ ಪ್ರೊಫೆಸರ್ ಮನೆಗೆ ಫೋನ್ ಮಾಡಿದ್ದರು. ಇವರು ಸ್ನಾನಕ್ಕೆ ಹೋಗಿದ್ದರು, ನಾನೇ ಮಾತಾಡಿದೆ. ಪಾಪ, ಧ್ವನಿ ನಡುಗುತ್ತದೆ ಈಗ. ಪತ್ರಿಕೆಯವರು ಪರಿಶೀಲನೆಗೆ ಕಳಿಸಿ, ಲೇಖನ ಅವರ ಕೈಗೂ ಬಂದಿತ್ತಂತೆ. ನಿಮ್ಮಕ್ಕ ಯಾವತ್ತಾದ್ರೂ ಟ್ಯೂಬುಗಳನ್ನ ಹಾಲಲ್ಲಿ ನೆನೆಹಾಕ್ತಿದ್ಲೇನಮ್ಮ, ಯೋಚನೆ ಮಾಡಿ ಹೇಳು ಅಂದರು. ಹೌದು ಅಂತಾದರೆ ವಿಚಾರಣೆಯನ್ನೇ ಮತ್ತೆ ತೆರೆಸುತ್ತಾರಂತೆ, ನಿನ್ನ ಜಾಗ, ನಿನ್ನ ಹೆಸರು ಎರಡನ್ನೂ ವಾಪಸ್ ಕೊಡಿಸಿಯೇ ನಿವೃತ್ತಿಯಾಗುತ್ತಾರಂತೆ. ನಾನು ಯೋಚನೆ ಮಾಡಿದೆ. ಅಯ್ಯೋ ಸಾರ್, ನಮ್ಮಕ್ಕ ಕುಡಿದ ಲೋಟಾನೇ ತೊಳೀತಿರಲಿಲ್ಲ ಅಂದೆ. ಅವರು ನಗಲಿಲ್ಲ. ಸರಿಯಮ್ಮಾ ಅಂದರು. ನಿನ್ನ ನಂಬರ್ ಕೇಳಿದರು. ಬದಲಾಯಿಸಿದ್ದಾಳೆ, ಹೊಸದು ನಮಗೂ ಕೊಟ್ಟಿಲ್ಲ ಅಂದೆ. ಹಳೆಯ ಗಾಯ ಯಾಕೆ ಕೆದಕಬೇಕು ಹೇಳು. ಇವರು ತಲೆ ಒರೆಸಿಕೊಳ್ಳುತ್ತಾ ಬಂದು ಯಾರದು ಅಂತ ಕೇಳಿದರು. ಹೇಳಿದೆ. ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದುಕೊಂಡು ಸುಮಾರು ಹೊತ್ತು ನಿಂತರು.

ಈಗ ನಿನ್ನಿಂದ ಒಂದು ಚಿಕ್ಕ ಸಹಾಯ. ಶುಕ್ರವಾರ ಇವರು ಸಮಿತಿಯ ಎದುರು ಪ್ರಯೋಗ ಮಾಡಿ ತೋರಿಸಬೇಕು. ಸರಿಹೋದರೆ ಇವರೇ ವಿಭಾಗದ ಮುಖ್ಯಸ್ಥರು. ಆದರೆ ಕೋಶಗಳು ಒಂದು ದಿನ ಮಿನುಗುತ್ತವೆ, ಮರುದಿನ ಗಂಟುಗಂಟಾಗಿ ಸತ್ತು ಬೀಳುತ್ತವೆ. ಹಾಲು ಹಾಕಿದರೂ ಹೀಗೇ. ಇವರ ಮುಖ ನೋಡಲಾಗುವುದಿಲ್ಲ, ಊಟ ಸೇರುತ್ತಿಲ್ಲ. ನೀನು ಆ ಹಾಲಿಗೆ ಏನು ಮಾಡುತ್ತಿದ್ದೆ? ಕಾಯಿಸುತ್ತಿದ್ದೆಯಾ, ತಣ್ಣಗೇ ಹಾಕುತ್ತಿದ್ದೆಯಾ? ಏನೋ ಒಂದು ಇದೆ, ನಿನ್ನ ಕೈಗೆ ಮಾತ್ರ ಗೊತ್ತಿರುವುದು.

ಸುಮ್ಮನೆ ಕೇಳುತ್ತಿಲ್ಲ. ಇವರ ಹತ್ತಿರ ಮಾತಾಡಿ ಒಪ್ಪಿಸಿದ್ದೇನೆ. ನೀನು ಹೇಳಿಕೊಟ್ಟರೆ ನಿನ್ನನ್ನು ಲ್ಯಾಬಿಗೆ ಸಹಾಯಕಿಯಾಗಿ ಸೇರಿಸಿಕೊಳ್ಳುತ್ತಾರೆ. ಟ್ಯೂಬು ತೊಳೆಯುವುದು, ಕೋಶ ತಯಾರು ಮಾಡುವುದು, ಇವರಿಗೆ ಎತ್ತಿಕೊಡುವುದು. ರಕ್ತಪರೀಕ್ಷೆ ಅಂಗಡಿಯಲ್ಲಿ ಮೂತ್ರದ ಸೀಸೆಗಳಿಗೆ ಚೀಟಿ ಅಂಟಿಸುತ್ತಾ ಕೂರುವುದಕ್ಕಿಂತ ಸಾವಿರ ಪಾಲು ವಾಸಿಯಲ್ಲವೇ? ಆ ಮಿನುಗನ್ನು ನೀನು ದಿನಾ ನೋಡಬಹುದು. ಬೆಳಗ್ಗೆ ಇವರಿಗೆ ಕೈ ಬೀಸುವಾಗ ನಿನಗೂ ಸೇರಿಸಿ ಬೀಸುತ್ತೇನೆ.

ಹೂಂ ಅನ್ನು ಅಕ್ಕಾ. ಚಿಕ್ಕವಳಿದ್ದಾಗ ನಾನು ಏನು ಕೇಳಿದರೂ ಇಲ್ಲ ಅಂದವಳಲ್ಲ ನೀನು. ಪತ್ರ ಕೈಗೆ ಸಿಕ್ಕಿದ ಕೂಡಲೇ ಫೋನ್ ಮಾಡು, ಶುಕ್ರವಾರದ ಒಳಗೆ.

ನಿನ್ನ ಹಿಂದೆಯೇ ಸುತ್ತುತ್ತಿದ್ದ, ಈಗಲೂ ನಿನ್ನನ್ನೇ ನೆನೆಯುವ
ನಿನ್ನ ಬಾಲ

ತಾ.ಕ. ಸಂಜೆಯಾಯಿತು. ಲಕೋಟೆಗೆ ಅಂಟು ಹಚ್ಚುವ ಮುಂಚೆ ತಪ್ಪೇನಾದರೂ ಇದೆಯೇ ಅಂತ ಮಧ್ಯಾಹ್ನ ಒಮ್ಮೆ ಓದಿದೆ. ಓದುತ್ತಾ ಓದುತ್ತಾ ಹೊಳೆದುಬಿಟ್ಟಿತು. ಕೆನೆ. ನೀನು ಹಾಲು ಕಾಯಿಸಿ, ಆರಿಸಿ, ಕೆನೆಯನ್ನು ಚೂರೂ ಬಿಡದೆ ತೆಗೆದು ನನ್ನ ಬಾಯಿಗಿಟ್ಟ ಮೇಲೆಯೇ ಉಳಿದದ್ದನ್ನು ಟ್ಯೂಬಿಗೆ ಹಾಕುತ್ತಿದ್ದೆ. ಇವರು ಪ್ಯಾಕೆಟ್ ಒಡೆದು ಹಾಗೆಯೇ ಸುರಿಯುತ್ತಿದ್ದರು. ತಕ್ಷಣ ಲ್ಯಾಬಿಗೆ ಫೋನ್ ಮಾಡಿ ಹೇಳಿದೆ. ಅಲ್ಲಿ ಕೆನೆ ತೆಗೆದ ಹಾಲಿನ ಪುಡಿ ಇತ್ತಂತೆ. ಈಗಷ್ಟೇ ಇವರ ಫೋನ್ ಬಂತು. ಹಾಕಿದ್ದೆಲ್ಲ ಮಿನುಗಿದೆಯಂತೆ, ಒಂದೂ ಗಂಟಾಗಲಿಲ್ಲವಂತೆ. ಗಂಟಾಗಿಸುತ್ತಿದ್ದದ್ದು ಕೊಬ್ಬಂತೆ. ಆದ್ದರಿಂದ ನೀನು ಫೋನ್ ಮಾಡುವ ತೊಂದರೆ ತೆಗೆದುಕೊಳ್ಳಬೇಡ. ಆ ಕೆಲಸದ ವಿಷಯವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಇನ್ನು ಸಹಾಯಕರು ಬೇಕಾಗಿಲ್ಲ ಅಂದರು. ಈ ಪತ್ರವನ್ನು ಹರಿದು ಒಲೆಗೆ ಹಾಕು ಅಂತಲೂ ಅಂದರು. ಇಷ್ಟು ಪ್ರೀತಿಯಿಂದ ಬರೆದದ್ದನ್ನು ಹರಿಯಲು ನನಗೆ ಮನಸ್ಸು ಬರಲಿಲ್ಲ, ಒಲೆಗೆ ಹಾಕಿದೆ ಅಂತ ಇವರಿಗೆ ಹೇಳಿ ನಿನಗೆ ಅಂಚೆಗೆ ಹಾಕುತ್ತಿದ್ದೇನೆ. ಕೆನೆಗೆ ಥ್ಯಾಂಕ್ಸ್ ಅಕ್ಕಾ.